ಉಮರ್ ಖಯ್ಯಾಮ್: ಮಧುಬಟ್ಟಲಿನ ಹಿಂದೆ ಮರೆಯಾದ ಗಣಿತಜ್ಞ

ಉಮರ್ ಖಯ್ಯಾಮ್ ಎಂದೊಡನೆ ನಮ್ಮ ನಾಡಿನ ಓದುಬರಹ ಬಲ್ಲವರ ಕಣ್ಣ ಮುಂದೆ ನಿಲ್ಲುವ ಚಿತ್ರ ಹೆಚ್ಚುಕಡಿಮೆ ಒಂದೇ: ಕೈಯಲ್ಲಿ ಮದ್ಯದ ಬಟ್ಟಲು ಹಿಡಿದು, ನಾಳೆಯ ಚಿಂತೆ ಬಿಟ್ಟು ಕುಳಿತ ಒಬ್ಬ ರಸಿಕ ಕವಿ. 1859ರಲ್ಲಿ ಎಡ್ವರ್ಡ್ ಫಿಟ್ಜೆರಾಲ್ಡ್ ಎಂಬ ಇಂಗ್ಲಿಷ್ ಕವಿ ಖಯ್ಯಾಮರ ಹೆಸರಿನಲ್ಲಿದ್ದ ಪಾರಸಿ ಚೌಪದಿಗಳನ್ನು ತನ್ನದೇ ಧಾಟಿಯಲ್ಲಿ ಇಂಗ್ಲಿಷಿಗೆ ತಂದ ಬಳಿಕ ಈ ಚಿತ್ರ ಜಗತ್ತಿನಾದ್ಯಂತ ಹರಡಿತು. ಡಿ.ವಿ. ಗುಂಡಪ್ಪನವರ ‘ಉಮರನ ಒಸಗೆ’ಯ ಮೂಲಕ ಅದು ಕನ್ನಡಕ್ಕೂ ಬಂತು. ಕಾವ್ಯವಾಗಿ ಅದರ ಬೆಲೆಯನ್ನು ಸಾಹಿತಿಗಳು ಹೇಳಲಿ. ಆದರೆ ಅದರಿಂದಾಗಿ ಒಬ್ಬ ಮಹಾನ್ ವಿದ್ವಾಂಸನ ಜೀವಮಾನದ ದುಡಿಮೆ ಜನರ ಕಣ್ಣಿನಿಂದ ಮರೆಯಾದುದು ಮಾತ್ರ ನಿಜ. ಮುಸ್ಲಿಮರಾದ ನಾವಂತೂ ಆ ಹೆಸರನ್ನೇ ಹೇಳಲು ಹಿಂಜರಿದೆವು. ಇಂದು ಬಳ್ಳಾರಿಯಲ್ಲೋ ಸಿರುಗುಪ್ಪದಲ್ಲೋ ಒಂದು ಮುಸ್ಲಿಂ ಮನೆಯ ಹುಡುಗಿ ಪ್ರೌಢಶಾಲೆಯ ಗಣಿತ ಪುಸ್ತಕ ತೆರೆದು ‘ವಾಸ್ತವ ಸಂಖ್ಯೆಗಳು’ ಎಂಬ ಪಾಠವನ್ನು ಕಷ್ಟಪಟ್ಟು ಓದುವಾಗ, ಆ ಪಾಠದ ಅತಿ ಕಠಿಣವಾದ ಗಂಟನ್ನು ಬಿಚ್ಚಲು ಮುಂದಾದವರಲ್ಲಿ ಐದು ಹೊತ್ತು ನಮಾಝ್ ಮಾಡುತ್ತಿದ್ದ ಒಬ್ಬ ಖುರಾಸಾನಿ ಪಂಡಿತನೂ ಇದ್ದನೆಂದು ಅವಳಿಗೆ ತಿಳಿಸುವವರಿಲ್ಲ.

ಅವರ ಪೂರ್ಣ ಹೆಸರು ಗಿಯಾಸುದ್ದೀನ್ ಅಬುಲ್ ಫತ್ಹ್ ಉಮರ್ ಇಬ್ನು ಇಬ್ರಾಹೀಮ್. ಖಯ್ಯಾಮ್ ಎಂದರೆ ಡೇರೆ ಹೊಲಿಯುವವನು. ಮನೆತನದ ಹಿರಿಯರ ಕಸುಬು ಅದಾಗಿದ್ದಿರಬೇಕು. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯ ಓದುಗರಿಗೆ ಈ ಹೆಸರು ಇಷ್ಟವಾದೀತು. ಖುರಾಸಾನಿನ ನಿಶಾಪುರದಲ್ಲಿ ಕ್ರಿ.ಶ. 1048ರ ಮೇ 18ರಂದು ಅವರು ಜನಿಸಿದರು. ಆ ಕಾಲದ ನಿಶಾಪುರವು ಸೆಲ್ಜೂಕ್ ಸಾಮ್ರಾಜ್ಯದ ದೊಡ್ಡ ವಿದ್ಯಾಕೇಂದ್ರಗಳಲ್ಲಿ ಒಂದಾಗಿತ್ತು. ಹದೀಸ್, ಫಿಕ್‌ಹ್, ವೈದ್ಯ, ಖಗೋಳ ಇವೆಲ್ಲವನ್ನೂ ಕಲಿಸುವ ಗುರುಗಳು ಅಲ್ಲಿದ್ದರು.

ಅವರ ಬಾಲ್ಯದ ಬಗ್ಗೆ ಒಂದು ಕತೆ ಬಹಳ ಪ್ರಸಿದ್ಧ. ಸೆಲ್ಜೂಕರ ಮಂತ್ರಿ ನಿಝಾಮುಲ್ ಮುಲ್ಕ್, ಅಲಮೂತ್ ಕೋಟೆಯ ಹಸನ್ ಸಬ್ಬಾಹ್ ಮತ್ತು ಖಯ್ಯಾಮ್ ಮೂವರೂ ಒಂದೇ ಗುರುವಿನ ಬಳಿ ಓದಿದ ಗೆಳೆಯರೆಂದೂ ಯಾರು ಮೇಲೆ ಬಂದರೂ ಉಳಿದವರನ್ನು ಕೈಬಿಡಬಾರದೆಂದು ಮಾತು ಕೊಟ್ಟುಕೊಂಡರೆಂದೂ ಆ ಕತೆ. ಕೇಳಲು ಚೆನ್ನಾಗಿದೆ, ಆದರೆ ನಂಬುವಂತಿಲ್ಲ. ನಿಝಾಮುಲ್ ಮುಲ್ಕ್ ಹುಟ್ಟಿದ್ದು 1018ರಲ್ಲಿ. ಮೂವತ್ತು ವರ್ಷ ದೊಡ್ಡವನಾದವನು ಸಹಪಾಠಿಯಾಗುವುದು ಹೇಗೆ? ಖಯ್ಯಾಮರ ಹೆಸರಿಗೆ ಇಂತಹ ಕತೆಗಳು ಮುತ್ತಿಕೊಂಡಷ್ಟು ಬೇರೆ ಯಾವ ಗಣಿತಜ್ಞನ ಹೆಸರಿಗೂ ಮುತ್ತಿಕೊಂಡಿಲ್ಲ.

ಇಪ್ಪತ್ತರ ಹರೆಯದಲ್ಲಿ ಅವರು ಸಮರ್ಖಂದಿಗೆ ಹೋದರು. ಅಲ್ಲಿಯ ಕಾಝಿ ಅಬೂ ತಾಹಿರ್ ಅವರಿಗೆ ಆಶ್ರಯ ಕೊಟ್ಟರು. ಸುಮಾರು 1070ರಲ್ಲಿ ಅವರು ಬೀಜಗಣಿತದ ಕುರಿತ ತಮ್ಮ ಗ್ರಂಥವನ್ನು ಬರೆದದ್ದು ಅಲ್ಲಿಯೇ. ಅದರ ಪೀಠಿಕೆಯಲ್ಲಿ ಅವರು ತಮ್ಮ ಕಾಲದ ಬಗ್ಗೆ ನೊಂದು ಬರೆದಿದ್ದಾರೆ. ನಿಜವಾದ ವಿದ್ವಾಂಸರು ಬೆರಳೆಣಿಕೆಯಷ್ಟು, ಅವರಿಗೂ ಕಷ್ಟಗಳು ಹಲವು. ಉಳಿದವರು ಸತ್ಯಕ್ಕೆ ಸುಳ್ಳಿನ ವೇಷ ತೊಡಿಸಿ ತಮ್ಮ ಅಲ್ಪ ತಿಳುವಳಿಕೆಯನ್ನು ಹೊಟ್ಟೆಪಾಡಿಗೆ ಬಳಸುತ್ತಾರೆ ಎಂಬುದು ಅವರ ಅಳಲು. ಈ ದೂರು ಯಾವ ಕಾಲಕ್ಕೂ ಹಳತಾಗದು!

ಆ ಗ್ರಂಥದಲ್ಲಿ ಅವರು ಮೂರನೇ ಘಾತದವರೆಗಿನ ಸಮೀಕರಣಗಳನ್ನು 25 ಬಗೆಗಳಾಗಿ ವಿಂಗಡಿಸಿದರು. ಅವುಗಳಲ್ಲಿ 14 ಬಗೆಯ ಘನ ಸಮೀಕರಣಗಳನ್ನು ಅದುವರೆಗಿನ ಸುಲಭ ಉಪಾಯಗಳಿಂದ ಬಿಡಿಸಲು ಬರುತ್ತಿರಲಿಲ್ಲ. ಶಂಕುವನ್ನು ಕತ್ತರಿಸಿದಾಗ ದೊರೆಯುವ ವಕ್ರರೇಖೆಗಳು ಒಂದನ್ನೊಂದು ಛೇದಿಸುವ ಬಿಂದುವಿನಿಂದ ಅವುಗಳ ಉತ್ತರವನ್ನು ಅಳೆದು ತೋರಿಸಿದರು. ಸಂಖ್ಯೆಗಳ ಲೆಕ್ಕದಿಂದಲೇ ಉತ್ತರ ಪಡೆಯುವ ದಾರಿ ತಮಗೆ ಸಿಗಲಿಲ್ಲವೆಂದೂ ಮುಂದೆ ಬರುವವರಿಗೆ ಸಿಕ್ಕೀತೆಂದೂ ನಿಸ್ಸಂಕೋಚವಾಗಿ ಬರೆದಿಟ್ಟರು. 1545ರಲ್ಲಿ ಇಟಲಿಯ ಕಾರ್ಡಾನೋ ಆ ದಾರಿಯನ್ನು ಪ್ರಕಟಿಸಿದನು.

ಅಷ್ಟೊಂದು ಬಗೆಗಳೇಕೆ ಬೇಕಾದವು ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಖಯ್ಯಾಮ್ ಋಣ ಸಂಖ್ಯೆಗಳನ್ನು ಒಪ್ಪಿರಲಿಲ್ಲ. ಆದ್ದರಿಂದ ಸಮೀಕರಣದ ಒಂದೊಂದು ಪದವೂ ಯಾವ ಕಡೆಯಲ್ಲಿದೆ ಎಂಬುದರ ಮೇಲೆ ಹೊಸ ಬಗೆ ಹುಟ್ಟುತ್ತಿತ್ತು. ಈ ವಿಷಯದಲ್ಲಿ ನಮ್ಮ ನಾಡಿನವರು ಮುಂದಿದ್ದರು ಎಂದು ಹೇಳಲೇಬೇಕು. ಖಯ್ಯಾಮರಿಗಿಂತ ಎರಡು ಶತಮಾನ ಮೊದಲೇ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಕನ್ನಡ ನಾಡಿನ ಜೈನ ಪಂಡಿತ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಧನ, ಋಣ, ಸೊನ್ನೆ ಮೂರರ ನಿಯಮಗಳನ್ನೂ ಹೇಳಿದ್ದರು. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಸ್ಪಷ್ಟವಾಗಿ ಬರೆದಿದ್ದರು. ಸಂಖ್ಯೆಗಳನ್ನು ಒಂದು ಉದ್ದನೆಯ ಗೆರೆಯ ಮೇಲೆ ಬರೆದರೆ ಸೊನ್ನೆ ಮತ್ತು ಅದರ ಎಡಬದಿಯನ್ನು ಭಾರತದವರು ತುಂಬಿದರು. ಬಲಬದಿಯಲ್ಲಿ, ಭಿನ್ನರಾಶಿಗಳ ನಡುವೆ ಉಳಿದಿದ್ದ ಕಾಣದ ಸಂದುಗಳ ಬಗ್ಗೆ ನಿಶಾಪುರದ ಉಮರ್ ತಲೆ ಕೆಡಿಸಿಕೊಂಡರು.

1074ರಲ್ಲಿ ಸುಲ್ತಾನ್ ಮಲಿಕ್‌ಶಾಹ್ ಮತ್ತು ಮಂತ್ರಿ ನಿಝಾಮುಲ್ ಮುಲ್ಕ್ ಅವರನ್ನು ಇಸ್ಫಹಾನಿಗೆ ಕರೆಸಿಕೊಂಡರು. ಅಲ್ಲಿ ವೀಕ್ಷಣಾಲಯ ಕಟ್ಟಿ, ಪಂಚಾಂಗ ತಿದ್ದುವ ಕೆಲಸ ಒಪ್ಪಿಸಿದರು. ನಮ್ಮ ಉಪವಾಸ, ಹಬ್ಬ, ಹಜ್ಜ್ ಎಲ್ಲವೂ ಚಂದ್ರನ ಲೆಕ್ಕದಲ್ಲಿ ನಡೆಯುತ್ತವೆ. ಆದರೆ ಬೆಳೆ ಮಾತ್ರ ಸೂರ್ಯನ ಲೆಕ್ಕದಲ್ಲಿ ಬರುತ್ತದೆ. ಭೂಕಂದಾಯ ಕಟ್ಟುವ ರೈತನಿಗೆ ಸುಗ್ಗಿಯ ನಂತರ ಗಡುವು ಬೇಕು, ಬಿತ್ತನೆಯ ಸಮಯದಲ್ಲಲ್ಲ. ವರ್ಷಕ್ಕೆ 365 ದಿನ ಎಂದು ಎಣಿಸುತ್ತಿದ್ದ ಪಾರಸಿಗಳ ಹಳೆಯ ಪಂಚಾಂಗ ಋತುಗಳಿಂದ ಜಾರುತ್ತಲೇ ಹೋಗಿತ್ತು. ಖಯ್ಯಾಮ್ ಮತ್ತು ಅವರ ಸಂಗಡಿಗರು ವಸಂತದಲ್ಲಿ ಹಗಲಿರುಳು ಸಮನಾಗುವ ದಿನಕ್ಕೆ ಹೊಸ ವರ್ಷವನ್ನು ಕಟ್ಟಿಹಾಕಿದರು. 1079ರ ಮಾರ್ಚ್ 15ರಿಂದ ಜಲಾಲಿ ಪಂಚಾಂಗ ಜಾರಿಗೆ ಬಂತು. 33 ವರ್ಷಗಳಲ್ಲಿ 8 ಅಧಿಕ ವರ್ಷಗಳೆಂಬ ಎಣಿಕೆಯನ್ನು ಈ ಪಂಚಾಂಗದೊಂದಿಗೆ ಹೆಸರಿಸುವುದುಂಟು. 8ನ್ನು 33ರಿಂದ ಭಾಗಿಸಿ ನೋಡಿ: 0.242424 ಎಂದು 24 ಮರುಕಳಿಸುತ್ತಲೇ ಹೋಗುತ್ತದೆ. ಅಂದರೆ ವರ್ಷಕ್ಕೆ ಸುಮಾರು 365.2424 ದಿನ. ಸೌರ ವರ್ಷದ ನಿಜವಾದ ಅವಧಿ ಸುಮಾರು 365.2422 ದಿನ. ಇರಾನಿನಲ್ಲಿ ಇಂದಿಗೂ ನಡೆಯುತ್ತಿರುವ ಸೌರ ಪಂಚಾಂಗವು ಈ ಜಲಾಲಿಯ ಸಂತಾನವೇ.

ಅದೇ ವೇಳೆಗೆ ನಮ್ಮ ಬಳ್ಳಾರಿ ಸೀಮೆ ಹೇಗಿತ್ತು? ಅದು ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ಕಾಲ. ಅವರ ಮಾಂಡಲಿಕರಾಗಿ ಈ ಸೀಮೆಯನ್ನು ನೋಡಿಕೊಂಡ ಸಿಂದ ಮನೆತನದವರಿಗೆ ಕುರುಗೋಡು ರಾಜಧಾನಿಯಾಗಿತ್ತು. 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಸಿಂಹಾಸನವೇರಿ, ಶಕವರ್ಷವನ್ನು ಬದಿಗಿಟ್ಟು, ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. ಈ ಭಾಗದ ಅಂದಿನ ಶಾಸನಗಳಲ್ಲಿ ಆ ವರ್ಷದ ಎಣಿಕೆಯೇ ಕಾಣುತ್ತದೆ. ಮೂರು ವರ್ಷಗಳ ಅಂತರದಲ್ಲಿ ಎರಡು ಸಾಮ್ರಾಜ್ಯಗಳು ಕಾಲವನ್ನು ಹೊಸದಾಗಿ ಎಣಿಸತೊಡಗಿದವು. ವ್ಯತ್ಯಾಸವಿಷ್ಟೆ: ಇಲ್ಲಿ ಬದಲಾದುದು ಅರಸನ ಹೆಸರು, ಅಲ್ಲಿ ಬದಲಾದುದು ವರ್ಷದ ಅಳತೆ.

ಇಸ್ಫಹಾನಿನ ಈ ಗಡಿಬಿಡಿಯ ನಡುವೆ, 1077ರ ಕೊನೆಯಲ್ಲಿ, ಖಯ್ಯಾಮ್ ಇನ್ನೊಂದು ಗ್ರಂಥವನ್ನು ಮುಗಿಸಿದರು. ಗ್ರೀಕರ ಯೂಕ್ಲಿಡನ ರೇಖಾಗಣಿತದಲ್ಲಿ ತಮಗೆ ತೊಡಕಾಗಿ ಕಂಡ ಸ್ಥಳಗಳ ವಿವರಣೆ ಅದು. ಮೂರು ಭಾಗಗಳ ಈ ಪುಸ್ತಕದ ಮೊದಲ ಭಾಗ ಸಮಾನಾಂತರ ರೇಖೆಗಳದ್ದು. ಅಲ್ಲಿ ಅವರು ಬಳಸಿದ ಚತುರ್ಭುಜವೇ 1733ರಲ್ಲಿ ಇಟಲಿಯ ಸಾಕ್ಕೇರಿಯ ಪುಸ್ತಕದಲ್ಲಿ ಮತ್ತೆ ಕಾಣಿಸಿಕೊಂಡಿತು. ಉಳಿದೆರಡು ಭಾಗಗಳ ವಿಷಯ ಅನುಪಾತ. ವಾಸ್ತವ ಸಂಖ್ಯೆಗಳ ಕತೆ ಇರುವುದು ಅಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎಣಿಸಲು ಬಳಸುವ 1, 2, 3 ಮುಂತಾದವು ಸ್ವಾಭಾವಿಕ ಸಂಖ್ಯೆಗಳು. ಅವಕ್ಕೆ ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆಗಳು, ಋಣ ಸಂಖ್ಯೆಗಳೂ ಸೇರಿದರೆ ಪೂರ್ಣಾಂಕಗಳು. ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದರಿಂದ ಭಾಗಿಸಿ ಪಡೆದವು ಭಾಗಲಬ್ಧ ಸಂಖ್ಯೆಗಳು. ಈ ಕೊನೆಯ ಗುಂಪು ಮುಸ್ಲಿಂ ಮನೆಗಳಿಗೆ ಹೊಸದೇನಲ್ಲ. ಝಕಾತ್ ನಲವತ್ತರಲ್ಲಿ ಒಂದು. ಮಳೆಯಿಂದ ಬೆಳೆದ ಬೆಳೆಗೆ ಉಶ್ರ್ ಹತ್ತರಲ್ಲಿ ಒಂದು, ದುಡಿಮೆ ಮತ್ತು ಖರ್ಚಿನಿಂದ ನೀರುಣಿಸಿದ ಬೆಳೆಗೆ ಇಪ್ಪತ್ತರಲ್ಲಿ ಒಂದು. ಪವಿತ್ರ ಕುರ್‌ಆನ್ ನಿಗದಿಪಡಿಸಿದ ವಾರಸು ಪಾಲುಗಳು ಆರು: ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು. ಸಿರುಗುಪ್ಪದ ರೈತನೊಬ್ಬ ಪತ್ನಿ, ತಾಯಿ ಮತ್ತು ಒಬ್ಬ ಮಗನನ್ನು ಬಿಟ್ಟು ತೀರಿಕೊಂಡನೆನ್ನೋಣ. ಸಾಲ, ವಸಿಯ್ಯತ್ ಎಲ್ಲ ಸಲ್ಲಿಸಿದ ಮೇಲೆ 24 ಎಕರೆ ಉಳಿದರೆ ಪತ್ನಿಗೆ ಎಂಟನೇ ಒಂದರಂತೆ 3 ಎಕರೆ, ತಾಯಿಗೆ ಆರನೇ ಒಂದರಂತೆ 4 ಎಕರೆ, ಉಳಿದ 17 ಎಕರೆ ಮಗನಿಗೆ. ಇಂತಹ ಪಾಲುಗಳನ್ನು ಎಷ್ಟು ಕೂಡಿಸಿ, ಕಳೆದು, ಗುಣಿಸಿದರೂ, ಸೊನ್ನೆಯಲ್ಲದುದರಿಂದ ಭಾಗಿಸಿದರೂ ಬರುವುದು ಮತ್ತೊಂದು ಭಿನ್ನರಾಶಿಯೇ. ಪಾಠ ಪುಸ್ತಕದಲ್ಲಿ ಆವೃತ ಗುಣ ಎಂದು ಬರೆದಿರುವುದು ಇದನ್ನೇ. ಮನೆಯವರೆಲ್ಲ ಮನೆಯೊಳಗೇ ಉಳಿದಂತೆ.

ಆದರೆ ಅದೇ ಹೊಲದಲ್ಲಿ ಈ ಮನೆಯಿಂದ ಹೊರಗೆ ಕಾಲಿಡುವ ಒಂದು ಅಳತೆಯೂ ಇದೆ. ನಮ್ಮ ಕಡೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ತುಂಗಭದ್ರೆಯ ಕಾಲುವೆ ನೀರು ಹರಿಯುವ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಸರಿಯಾಗಿ ಒಂದು ಎಕರೆಯ ಚೌಕಾಕಾರದ ಮಡಿ ಮಾಡಬೇಕೆಂದರೆ ಬದಿಯ ಉದ್ದ ಎಷ್ಟಿರಬೇಕು? 43,560ರ ವರ್ಗಮೂಲದಷ್ಟು. ಲೆಕ್ಕ ಹಾಕಿದರೆ ಅದು 10ರ ವರ್ಗಮೂಲದ 66 ಪಟ್ಟು, ಸುಮಾರು 208.71 ಅಡಿ. ಈ ‘ಸುಮಾರು’ ಎಂಬ ಮಾತನ್ನು ಎಂದಿಗೂ ತೆಗೆದುಹಾಕಲು ಬರುವುದಿಲ್ಲ. 10ರ ವರ್ಗಮೂಲ ಯಾವ ಭಿನ್ನರಾಶಿಯೂ ಅಲ್ಲ.

ಇದನ್ನು ಮಕ್ಕಳಿಗೂ ತೋರಿಸಿಕೊಡಬಹುದು. ಯಾವುದೇ ಪೂರ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಕೊನೆಯಲ್ಲಿ ಬರುವ ಸೊನ್ನೆಗಳು ಇಮ್ಮಡಿಯಾಗುತ್ತವೆ. 30ರ ಕೊನೆಯಲ್ಲಿ ಒಂದು ಸೊನ್ನೆ, 900ರ ಕೊನೆಯಲ್ಲಿ ಎರಡು. 7ರ ಕೊನೆಯಲ್ಲಿ ಒಂದೂ ಇಲ್ಲ, 49ರಲ್ಲೂ ಇಲ್ಲ. ಅಂದರೆ ವರ್ಗ ಸಂಖ್ಯೆಯ ಕೊನೆಯ ಸೊನ್ನೆಗಳು ಯಾವಾಗಲೂ ಸಮಸಂಖ್ಯೆಯಲ್ಲಿರುತ್ತವೆ, ಅಥವಾ ಇರುವುದೇ ಇಲ್ಲ. ಈಗ 10ರ ವರ್ಗಮೂಲ ಒಂದು ಭಿನ್ನರಾಶಿ ಎಂದು ಇಟ್ಟುಕೊಳ್ಳಿ. ಆಗ ಮೇಲಿನ ಸಂಖ್ಯೆಯ ವರ್ಗವು ಕೆಳಗಿನ ಸಂಖ್ಯೆಯ ವರ್ಗದ ಹತ್ತು ಪಟ್ಟು ಆಗಬೇಕು. ಹತ್ತರಿಂದ ಗುಣಿಸಿದರೆ ಒಂದು ಸೊನ್ನೆ ಹೆಚ್ಚಾಗಿ ಬಲಬದಿಯ ಸೊನ್ನೆಗಳು ಬೆಸಸಂಖ್ಯೆಯಾದವು, ಎಡಬದಿಯಲ್ಲಿ ಸಮಸಂಖ್ಯೆ. ಎರಡೂ ಒಂದೇ ಆಗುವುದು ಹೇಗೆ? ಆದ್ದರಿಂದ ಅಂತಹ ಭಿನ್ನರಾಶಿ ಇಲ್ಲವೇ ಇಲ್ಲ. ಹುಡುಕಿದ್ದು ಸಾಲದು ಎಂದಲ್ಲ, ಇರಲು ಸಾಧ್ಯವೇ ಇಲ್ಲ. ಇಂತಹ ಸಂಖ್ಯೆಗಳನ್ನು ಅಭಾಗಲಬ್ಧ ಸಂಖ್ಯೆಗಳೆನ್ನುತ್ತಾರೆ.

ಅರಬಿಯಲ್ಲಿ ಇಂತಹ ಮೂಲಗಳಿಗೆ ‘ಅಸಮ್’ ಎಂಬ ಹೆಸರಿತ್ತು, ಕಿವುಡು ಎಂದರ್ಥ. ಕೂಗಿದರೆ ಓಗೊಡದ ಸಂಖ್ಯೆ! 12ನೇ ಶತಮಾನದಲ್ಲಿ ಅರಬಿ ಗ್ರಂಥಗಳನ್ನು ಲ್ಯಾಟಿನಿಗೆ ತಂದವರು ಅದನ್ನು ಅದೇ ಅರ್ಥದ ‘ಸುರ್ದುಸ್’ ಮಾಡಿದರು. ಇಂಗ್ಲಿಷ್ ಮಾಧ್ಯಮದ ಮಕ್ಕಳು ಓದುವ ‘ಸರ್ಡ್’ ಅದೇ. ಕನ್ನಡ ಮಾಧ್ಯಮದವರು ಅದನ್ನು ಕರಣಿ ಎನ್ನುತ್ತಾರೆ. ಆ ಮಾತು ಸಂಸ್ಕೃತ ಗಣಿತದಿಂದ ಬಂದದ್ದು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಕರಣಿಗಳನ್ನು ಕೂಡಿಸುವ, ಗುಣಿಸುವ ನಿಯಮಗಳನ್ನು ವಿಸ್ತಾರವಾಗಿ ಬರೆದಿದ್ದಾರೆ. ಅವರು ಹುಟ್ಟಿದಾಗ ಖಯ್ಯಾಮ್ ಇನ್ನೂ ಬದುಕಿದ್ದರು.

ಗ್ರೀಕರ ಕಟ್ಟುನಿಟ್ಟು ಏನೆಂದರೆ, ಸಂಖ್ಯೆ ಎಂದರೆ ಬಿಡಿ ಬಿಡಿಯಾದ ಘಟಕಗಳ ಎಣಿಕೆ ಮಾತ್ರ. ರೇಖೆಯ ಉದ್ದ ಬೇರೆ, ಸಂಖ್ಯೆ ಬೇರೆ. ಚೌಕದ ಬದಿಗೂ ಕರ್ಣಕ್ಕೂ ಇರುವ ಸಂಬಂಧವನ್ನು ಅನುಪಾತ ಎನ್ನಬಹುದು, ಸಂಖ್ಯೆ ಎನ್ನುವಂತಿಲ್ಲ. ಎರಡು ಅನುಪಾತಗಳು ಯಾವಾಗ ಸಮ ಎಂಬುದಕ್ಕೆ ಯೂಕ್ಲಿಡನು ಕೊಟ್ಟ ವ್ಯಾಖ್ಯೆ ತಪ್ಪಲ್ಲ, ಆದರೆ ಅದು ಅನುಪಾತದ ನಿಜ ಸ್ವರೂಪವನ್ನು ತೋರಿಸುವುದಿಲ್ಲ ಎಂದು ಖಯ್ಯಾಮರಿಗೆ ಅನಿಸಿತು. ಅವರು ಹಿಡಿದ ದಾರಿ ಕಳೆಯುವ ದಾರಿ. ಎರಡು ಉದ್ದಗಳಲ್ಲಿ ದೊಡ್ಡದರಿಂದ ಚಿಕ್ಕದನ್ನು ಎಷ್ಟು ಸಲ ಕಳೆಯಬಹುದೋ ಅಷ್ಟು ಸಲ ಕಳೆಯಿರಿ. ಉಳಿದ ತುಂಡನ್ನು ಚಿಕ್ಕದರಿಂದ ಕಳೆಯಿರಿ. ಹೀಗೆಯೇ ಮುಂದುವರಿಯಿರಿ. 33 ಅಡಿ ಮತ್ತು 24 ಅಡಿ ಇದ್ದರೆ ಒಂದು ಸಲ ಕಳೆದಾಗ 9, ನಂತರ ಎರಡು ಸಲ ಕಳೆದಾಗ 6, ನಂತರ ಒಂದು ಸಲ ಕಳೆದಾಗ 3, ಮತ್ತೆ ಎರಡು ಸಲ ಕಳೆದಾಗ ಏನೂ ಉಳಿಯದು. ಆಟ ಮುಗಿಯಿತು. ಭಾಗಲಬ್ಧವಾದರೆ ಆಟ ಮುಗಿಯಲೇಬೇಕು. ಈಗ ಒಂದು ಗುಂಟೆಯ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯಿರಿ, ಸುಮಾರು 46.67 ಅಡಿ. ಬದಿ 33. ಒಂದು ಸಲ ಕಳೆದರೆ ಸುಮಾರು 13.67 ಉಳಿಯಿತು. ಅದನ್ನು 33ರಿಂದ ಎರಡು ಸಲ ಕಳೆಯಬಹುದು, ಉಳಿದದ್ದು 5.66. ಮತ್ತೆ ಎರಡು ಸಲ, ಮತ್ತೆ ಎರಡು ಸಲ. ತುಂಡು ಚಿಕ್ಕದಾಗುತ್ತಾ ಹೋಗುತ್ತದೆ, ಮುಗಿಯುವುದಿಲ್ಲ. ಹೀಗೆ ಕಳೆದ ಸಲಗಳ ಸಾಲು ಎರಡು ಅನುಪಾತಗಳಲ್ಲೂ ಕೊನೆಯವರೆಗೆ ಒಂದೇ ಆಗಿದ್ದರೆ ಆ ಅನುಪಾತಗಳು ಸಮ ಎಂಬುದು ಖಯ್ಯಾಮರ ವ್ಯಾಖ್ಯೆ. ಸಾಲು ಮುಗಿಯದಿದ್ದರೂ ಅದಕ್ಕೊಂದು ಗುರುತು ಇದೆ, ಅದನ್ನು ಇನ್ನೊಂದರೊಡನೆ ಹೋಲಿಸಬಹುದು.

ಹಾಗಾದರೆ ಅದನ್ನೂ ಸಂಖ್ಯೆಯೆಂದೇ ಕರೆಯಬಾರದೇಕೆ? ಗ್ರಂಥದ ಮೂರನೇ ಭಾಗದಲ್ಲಿ ಅವರು ಈ ಪ್ರಶ್ನೆಯನ್ನು ಎದುರಿಸಿದರು. ಲೆಕ್ಕ ಮಾಡುವವರೂ ಅಳತೆ ಮಾಡುವವರೂ ಅರ್ಧ, ಮೂರನೇ ಒಂದು ಎನ್ನುವ ಹಾಗೆಯೇ ಐದರ ಮೂಲ, ಹತ್ತರ ಮೂಲ ಎಂದೆಲ್ಲ ದಿನನಿತ್ಯ ಬಳಸುತ್ತಾರೆ ಎಂಬುದನ್ನು ಅವರು ಗಮನಿಸಿದರು. ಕಟ್ಟುನಿಟ್ಟಾಗಿ ನೋಡಿದರೆ ‘ಒಂದು’ ಎಂಬ ಘಟಕವನ್ನು ಒಡೆಯುವಂತಿಲ್ಲ, ಆದರೂ ಕೆಲಸಕ್ಕಾಗಿ ಒಡೆಯಬಲ್ಲ ಘಟಕವೊಂದನ್ನು ಇಟ್ಟುಕೊಳ್ಳುತ್ತೇವೆ. ಅದೇ ರೀತಿಯಲ್ಲಿ ಅನುಪಾತವನ್ನು ರೇಖೆ, ಕ್ಷೇತ್ರ ಯಾವುದರಿಂದಲೂ ಬಿಡಿಸಿ, ಬುದ್ಧಿಯಲ್ಲಿ ಮಾತ್ರ ಹಿಡಿದು, ಸಂಖ್ಯೆಯಂತೆ ನಡೆಸಿಕೊಳ್ಳಬಹುದು ಎಂದರು. ತಮ್ಮ ವಾದ ಅದರ ಮೇಲೆಯೇ ನಿಲ್ಲುವಂತೆ ಮಾಡಿದರು. ಆದರೆ ತನ್ನ ಮೂಲ ಸ್ವರೂಪದಲ್ಲಿ ಅನುಪಾತವೇ ಸಂಖ್ಯೆಯೋ, ಅಥವಾ ಹೊರಗಿನ ಏನೋ ಒಂದರ ನೆರವಿನಿಂದ ಸಂಖ್ಯೆಯೊಡನೆ ಸೇರಿಕೊಂಡದ್ದೋ ಎಂಬ ತಾತ್ವಿಕ ಪ್ರಶ್ನೆಗೆ ಉತ್ತರಿಸುವುದು ಗಣಿತಜ್ಞನ ಕೆಲಸವಲ್ಲವೆಂದು ಅಲ್ಲಿಗೇ ನಿಲ್ಲಿಸಿದರು. ಬಳಸಬಹುದಾದುದನ್ನು ಧೈರ್ಯದಿಂದ ಬಳಸಿದರು, ತಿಳಿಯದುದನ್ನು ತಿಳಿದಂತೆ ಬರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಬರಹಗಳಲ್ಲೆಲ್ಲ ಅತಿ ಬೆಲೆಬಾಳುವ ಪುಟಗಳು ಇವೇ.

ಇಂದು ನಾವು ಭಾಗಲಬ್ಧ, ಅಭಾಗಲಬ್ಧ ಎರಡನ್ನೂ ಸೇರಿಸಿ ವಾಸ್ತವ ಸಂಖ್ಯೆಗಳು ಎನ್ನುತ್ತೇವೆ. ಒಂದು ಸಂಖ್ಯೆ ಒಂದೇ ಸಲಕ್ಕೆ ಎರಡೂ ಆಗಿರದು, ಎರಡೂ ಅಲ್ಲದೆಯೂ ಇರದು. ದಶಮಾಂಶದಲ್ಲಿ ಬರೆದರೆ ಭಾಗಲಬ್ಧವು ಎಲ್ಲೋ ಮುಗಿಯುತ್ತದೆ ಅಥವಾ ಪಂಚಾಂಗದ 24ರಂತೆ ಮರುಕಳಿಸುತ್ತದೆ. ಅಭಾಗಲಬ್ಧವು ಮುಗಿಯುವುದೂ ಇಲ್ಲ, ಮರುಕಳಿಸುವುದೂ ಇಲ್ಲ. ಕೂಡಿಸುವಾಗ, ಗುಣಿಸುವಾಗ ಕ್ರಮ ಬದಲಿಸಿದರೆ ಉತ್ತರ ಬದಲಾಗದು. ಕಳೆಯುವಾಗ, ಭಾಗಿಸುವಾಗ ಬದಲಾಗುತ್ತದೆ. ಸೊನ್ನೆ ಕೂಡಿಸಿದರೆ, ಒಂದರಿಂದ ಗುಣಿಸಿದರೆ ಸಂಖ್ಯೆ ಇದ್ದಂತೆಯೇ ಇರುತ್ತದೆ. ಈ ಗುಣಗಳು ಎರಡೂ ಪಂಗಡಗಳಿಗೆ ಸಮಾನ. ಭಾಗಲಬ್ಧವೊಂದಕ್ಕೆ ಅಭಾಗಲಬ್ಧವನ್ನು ಕೂಡಿಸಿದರೆ ಬರುವುದು ಯಾವಾಗಲೂ ಅಭಾಗಲಬ್ಧವೇ. ಆದರೆ ಎರಡು ಅಭಾಗಲಬ್ಧಗಳ ಗುಣಲಬ್ಧ ಭಾಗಲಬ್ಧವಾಗಬಹುದು. ಅಳೆಯಲು ಮುಗಿಯದ ಆ 208 ಅಡಿ ಚಿಲ್ಲರೆಯನ್ನು ಅದರಿಂದಲೇ ಗುಣಿಸಿ ನೋಡಿ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ 43,560! ಅಭಾಗಲಬ್ಧಗಳ ಪಂಗಡಕ್ಕೆ ಆವೃತ ಗುಣವಿಲ್ಲ ಎಂಬುದಕ್ಕೆ ಒಂದು ಎಕರೆ ಗದ್ದೆಯೇ ಸಾಕ್ಷಿ.

ಖಯ್ಯಾಮರ ಜೀವನಕ್ಕೆ ಮರಳೋಣ. ಇಸ್ಫಹಾನಿನಲ್ಲಿ ಅವರು ಕಳೆದದ್ದು ಸುಮಾರು ಹದಿನೆಂಟು ವರ್ಷ. 1092ರ ಅಕ್ಟೋಬರಿನಲ್ಲಿ ನಿಝಾಮುಲ್ ಮುಲ್ಕ್ ಕೊಲೆಯಾದರು, ಮರುತಿಂಗಳೇ ಮಲಿಕ್‌ಶಾಹ್ ತೀರಿಕೊಂಡನು. ವೀಕ್ಷಣಾಲಯಕ್ಕೆ ಬರುತ್ತಿದ್ದ ಹಣ ನಿಂತಿತು. ಆಸ್ಥಾನದಲ್ಲಿ ಅವರ ಬಗ್ಗೆ ಅಸಮಾಧಾನವಿದ್ದವರಿಗೆ ಈಗ ಮಾತನಾಡಲು ಧೈರ್ಯ ಬಂತು. ತತ್ವಶಾಸ್ತ್ರದ ಒಲವಿನಿಂದಾಗಿ ಅವರ ವಿಶ್ವಾಸದ ಬಗ್ಗೆಯೇ ಸಂಶಯ ಎದ್ದಿತು. ಅವರು ಹಜ್ಜ್‌ಗೆ ಹೊರಟರು. ಜನರ ಬಾಯಿ ಮುಚ್ಚಿಸಲೆಂದೇ ಹೋದರೆಂದು ಒಬ್ಬ ಇತಿಹಾಸಕಾರ ಬರೆದಿದ್ದಾನೆ. ಮನುಷ್ಯನ ಹೃದಯದೊಳಗಿನ ನಿಯ್ಯತ್ತನ್ನು ಬಲ್ಲವನು ಅಲ್ಲಾಹನೊಬ್ಬನೇ. ಅದನ್ನು ಬರೆದಿಡಲು ಇತಿಹಾಸಕಾರನಿಗೆ ಅಧಿಕಾರವೆಲ್ಲಿಂದ ಬಂತೋ! ಹಿಂದಿರುಗುವಾಗ ಬಗ್ದಾದಿನಲ್ಲಿ ಹಳೆಯ ವಿದ್ಯೆಗಳನ್ನು ಕಲಿಯಲು ಬಂದವರನ್ನು ಅವರು ಹತ್ತಿರ ಸೇರಿಸಲಿಲ್ಲ, ನೇರವಾಗಿ ಊರಿಗೆ ಮರಳಿದರು.

ಅವರ ಸ್ವಭಾವ ಮೃದುವಾಗಿತ್ತೆಂದು ಯಾರೂ ಹೇಳಿಲ್ಲ. ಅವರನ್ನು ಕಣ್ಣಾರೆ ಕಂಡು ಬರೆದ ಝಹೀರುದ್ದೀನ್ ಬೈಹಕಿಯವರೇ, ಖಯ್ಯಾಮ್ ಮುಂಗೋಪಿ, ಕಲಿಸುವುದರಲ್ಲೂ ಬರೆಯುವುದರಲ್ಲೂ ಜಿಪುಣ ಎಂದಿದ್ದಾರೆ. ಆದರೆ ಅವರ ನೆನಪಿನ ಶಕ್ತಿಯನ್ನು ಕೊಂಡಾಡಿದ್ದಾರೆ. ಇಸ್ಫಹಾನಿನಲ್ಲಿ ಒಂದು ಪುಸ್ತಕವನ್ನು ಏಳು ಸಲ ಓದಿ, ನಿಶಾಪುರಕ್ಕೆ ಬಂದು ಅದನ್ನು ಬಾಯಿಪಾಠವಾಗಿ ಬರೆಸಿದರಂತೆ. ಮೂಲದೊಡನೆ ಹೋಲಿಸಿದಾಗ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಈ ಬೈಹಕಿ ಹುಡುಗನಾಗಿದ್ದಾಗ, ಹಿಜರಿ 507ರಲ್ಲಿ, ತಂದೆಯೊಡನೆ ಖಯ್ಯಾಮರ ಮುಂದೆ ನಿಂತಿದ್ದ. ಅರವತ್ತೈದು ದಾಟಿದ ಪಂಡಿತರು ಹುಡುಗನಿಗೆ ಒಂದು ಅರಬಿ ಪದ್ಯದ ಅರ್ಥವನ್ನೂ, ಆಮೇಲೆ ಬಾಗಿದ ರೇಖೆಗಳ ಬಗೆಗಳನ್ನೂ ಕೇಳಿದರು. ಹುಡುಗ ಸರಿಯಾಗಿ ಉತ್ತರಿಸಿದಾಗ ಅವರಿಗೆ ಸಂತೋಷವಾಯಿತು. ಮಕ್ಕಳನ್ನು ವಿದ್ವಾಂಸರ ಬಳಿ ಕರೆದೊಯ್ಯುವ ಈ ಪದ್ಧತಿ ನಮ್ಮ ತಂದೆತಾಯಿಗಳಲ್ಲಿ ಈಗ ಎಷ್ಟು ಮಂದಿಗೆ ಇದೆ?

ಇಮಾಮ್ ಗಝ್ಝಾಲಿಯವರೂ ಒಮ್ಮೆ ಅವರ ಬಳಿ ಬಂದುದನ್ನು ಬೈಹಕಿ ದಾಖಲಿಸಿದ್ದಾರೆ. ಆಕಾಶ ಗೋಲದ ಎಲ್ಲ ಭಾಗಗಳೂ ಒಂದೇ ತೆರನಾಗಿರುವಾಗ ಧ್ರುವವೆಂದು ಒಂದೇ ಬಿಂದುವನ್ನು ಗುರುತಿಸಲು ಕಾರಣವೇನೆಂದು ಗಝ್ಝಾಲಿ ಕೇಳಿದರು. ಖಯ್ಯಾಮ್ ಎಲ್ಲಿಂದಲೋ ಆರಂಭಿಸಿ ಬಹಳ ಹೊತ್ತು ಮಾತನಾಡಿದರು, ಆದರೆ ವಿವಾದದ ಬಿಂದುವನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಝುಹರ್ ಅಝಾನ್ ಕೇಳಿತು. ಸತ್ಯ ಬಂದಾಯಿತೆಂಬ ಅರ್ಥದ ಮಾತು ಹೇಳಿ ಗಝ್ಝಾಲಿ ನಮಾಝ್‌ಗೆ ಎದ್ದು ಹೋದರು. ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ಸಮಾಧಾನವಿರಲಿಲ್ಲ. ಆದರೂ ಪ್ರಶ್ನೆ ಕೇಳಲು ಮನೆಬಾಗಿಲಿಗೆ ಹೋಗುವಷ್ಟು ಗೌರವ ಉಳಿದಿತ್ತು.

ಇನ್ನು ಆ ಚೌಪದಿಗಳು. ಬೈಹಕಿ ಖಯ್ಯಾಮರ ಬಗ್ಗೆ ಇಷ್ಟೆಲ್ಲ ಬರೆದರೂ ಅವರು ಕವಿಯೆಂದು ಹೇಳಿಲ್ಲ. ಅವರನ್ನು ಬಲ್ಖ್‌ನಲ್ಲಿ ಭೇಟಿಯಾಗಿದ್ದ ನಿಝಾಮಿ ಅರೂಝಿಯೂ ಅವರನ್ನು ಖಗೋಳ ಬಲ್ಲವರ ಸಾಲಿನಲ್ಲಿಟ್ಟನೇ ಹೊರತು ಕವಿಗಳ ಸಾಲಿನಲ್ಲಲ್ಲ. ಕಾಲ ಕಳೆದಂತೆ ಅವರ ಹೆಸರಿನ ಪದ್ಯಗಳು ನೂರುಗಟ್ಟಲೆಯಾಗಿ ಬೆಳೆದವು. 1897ರಲ್ಲಿ ರಷ್ಯಾದ ಝುಕೋವ್‌ಸ್ಕಿ ಎಂಬ ವಿದ್ವಾಂಸನು ಅವುಗಳಲ್ಲಿ 82 ಪದ್ಯಗಳು ಬೇರೆ ಬೇರೆ ಕವಿಗಳ ಹೆಸರಿನಲ್ಲೂ ಇರುವುದನ್ನು ತೋರಿಸಿದನು. ಅವರು ಏನೂ ಬರೆದಿಲ್ಲವೆಂದು ಹೇಳಲಾಗದು, ಕೆಲವು ಅವರದೇ ಇರಬಹುದು. ಆದರೆ ಯಾರೋ ಹಾಡಿದ ಹಾಡಿಗಾಗಿ ಒಬ್ಬನನ್ನು ಕುಡುಕನೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅವರ ಕೈಬರಹವೆಂದು ಖಚಿತವಿರುವ ಗಣಿತ ಗ್ರಂಥಗಳು ಅಲ್ಲಾಹನ ಸ್ತುತಿಯಿಂದಲೂ ಪ್ರವಾದಿ(ಸ)ಯವರ ಮೇಲಿನ ಸಲಾತ್‌ನಿಂದಲೂ ಆರಂಭವಾಗುತ್ತವೆ.

ಅವರು ಬಿಟ್ಟುಹೋದ ಪ್ರಶ್ನೆ ಸಾಯಲಿಲ್ಲ. 13ನೇ ಶತಮಾನದಲ್ಲಿ ನಸೀರುದ್ದೀನ್ ತೂಸಿ ಅನುಪಾತಗಳನ್ನು ಸಂಖ್ಯೆಗಳಂತೆ ಕಾಣುವ ದಾರಿಯಲ್ಲಿ ಮುಂದೆ ನಡೆದರು. ಸಮರ್ಖಂದಿನ ಜಮ್‌ಶೀದ್ ಅಲ್ ಕಾಶಿ 1427ರ ತಮ್ಮ ಗ್ರಂಥದಲ್ಲಿ ದಶಮಾಂಶ ಭಿನ್ನರಾಶಿಗಳ ಲೆಕ್ಕವನ್ನು ವ್ಯವಸ್ಥಿತವಾಗಿ ಕೊಟ್ಟರು. ಅಭಾಗಲಬ್ಧವೂ ನಿಜವಾದ ಸಂಖ್ಯೆಯೇ ಎಂಬುದಕ್ಕೆ ಅಲುಗದ ಅಡಿಪಾಯ ಸಿಕ್ಕಿದ್ದು 1872ರಲ್ಲಿ, ಜರ್ಮನಿಯ ಡೆಡೆಕಿಂಡ್ ಮತ್ತು ಕ್ಯಾಂಟರ್ ಅವರ ಬರಹಗಳಿಂದ. ಖಯ್ಯಾಮ್ ಗ್ರಂಥ ಮುಗಿಸಿ ಅಷ್ಟರಲ್ಲಿ 795 ವರ್ಷಗಳಾಗಿದ್ದವು.

1131ರ ಡಿಸೆಂಬರ್ 4ರಂದು ನಿಶಾಪುರದಲ್ಲಿ ಅವರು ಕೊನೆಯುಸಿರೆಳೆದರು. ಆ ದಿನದ ವಿವರವನ್ನು ಬೈಹಕಿ ಅವರ ಅಳಿಯನ ಬಾಯಿಂದ ಕೇಳಿ ಬರೆದಿದ್ದಾರೆ. ಖಯ್ಯಾಮ್ ಚಿನ್ನದ ಹಲ್ಲುಕಡ್ಡಿಯಿಂದ ಹಲ್ಲು ಶುಚಿ ಮಾಡುತ್ತಾ ಇಬ್ನ್ ಸೀನಾರ ‘ಶಿಫಾ’ ಗ್ರಂಥವನ್ನು ಓದುತ್ತಿದ್ದರು. ಒಂದು ಮತ್ತು ಅನೇಕ ಎಂಬ ಅಧ್ಯಾಯಕ್ಕೆ ಬಂದಾಗ ಕಡ್ಡಿಯನ್ನು ಎರಡು ಹಾಳೆಗಳ ನಡುವೆ ಇಟ್ಟು ಪುಸ್ತಕ ಮುಚ್ಚಿದರು. ವಸಿಯ್ಯತ್ ಮಾಡಬೇಕೆಂದು ನಂಬಿಕಸ್ತರನ್ನು ಕರೆಸಿದರು. ಎದ್ದು ನಮಾಝ್ ಮಾಡಿದರು. ಆಮೇಲೆ ಏನೂ ತಿನ್ನಲಿಲ್ಲ, ಕುಡಿಯಲಿಲ್ಲ. ಇಶಾ ನಮಾಝ್ ಮುಗಿಸಿ ಸುಜೂದ್‌ಗೆ ಬಾಗಿದರು. ತನ್ನ ಕೈಲಾದಷ್ಟರ ಮಟ್ಟಿಗೆ ಅಲ್ಲಾಹನನ್ನು ಅರಿಯಲು ಯತ್ನಿಸಿದೆನೆಂದೂ, ಆ ಅರಿವನ್ನೇ ನೆಪವಾಗಿಟ್ಟು ಕ್ಷಮೆ ಬೇಡುತ್ತೇನೆಂದೂ ಪ್ರಾರ್ಥಿಸಿದರು. ತಲೆ ಎತ್ತುವ ಮುನ್ನವೇ ಪ್ರಾಣ ಹೋಗಿತ್ತು.

ನಾಲ್ಕೈದು ವರ್ಷಗಳ ಬಳಿಕ ನಿಝಾಮಿ ಅರೂಝಿ ಗುರುವಿನ ಕಬರ್ ಹುಡುಕಿಕೊಂಡು ನಿಶಾಪುರದ ಸ್ಮಶಾನಕ್ಕೆ ಹೋದನು. ಅದು ಒಂದು ತೋಟದ ಗೋಡೆಯ ಬುಡದಲ್ಲಿತ್ತು. ಗೋಡೆಯಾಚೆಯಿಂದ ಬಾಗಿದ ಮರಗಳ ಹೂಗಳು ಉದುರಿ ಕಬರನ್ನು ಪೂರ್ತಿಯಾಗಿ ಮುಚ್ಚಿದ್ದವು.